ನೋವಿಗೂ ಅದೇ ಪುಡಿ

ಇಪ್ಪತ್ತು ನಿಮಿಷಕ್ಕೊಮ್ಮೆ ಶೌಚಾಲಯಕ್ಕೆ ಓಟ, ಉರಿ, ಮೂತ್ರದಲ್ಲಿ ರಕ್ತ. ಇದು ಮುದಿ ವಯಸ್ಸಿನ ಕಾಯಿಲೆಯಲ್ಲ. ಬ್ರಿಟನ್ನಿನ ಎಷ್ಟೋ ಹರೆಯದವರ ಪಾಡು. ಕಾರಣ, ಪಾರ್ಟಿಗಳಲ್ಲಿ ಮೂಗಿಗೇರಿಸುವ ಕೆಟಮಿನ್ ಪುಡಿ.

ಅರಿವಳಿಕೆಗೆ ಬಳಸುವ ಈ ಔಷಧದ ಚಟ ಹತ್ತಿದರೆ, ಮೂತ್ರದೊಂದಿಗೆ ಹೊರಹೋಗುವ ಅದರ ಅಂಶಗಳು ಮೂತ್ರಕೋಶದ ಒಳಪದರವನ್ನೇ ಹುಣ್ಣಾಗಿಸುತ್ತವೆ. ಸುಮಾರು ಅರ್ಧ ಲೀಟರ್ ಹಿಡಿಯುವ ಚೀಲ ಗಡುಸಾಗಿ, ಕೆಲವರಲ್ಲಿ ಒಂದು ಲೋಟ ಚಹಾದಷ್ಟೂ ಹಿಡಿಯದು. 2007ರಲ್ಲಿ ಕೆನಡಾದ ವೈದ್ಯರು ಒಂಬತ್ತು ರೋಗಿಗಳ ಬಗ್ಗೆ ಬರೆದಾಗ ಇದು ಅಪರೂಪದ ಸಂಗತಿ. 2025ರಲ್ಲಿ ಲಿವರ್‌ಪೂಲ್‌ನ ಆಲ್ಡರ್ ಹೇ ಆಸ್ಪತ್ರೆ ಇದಕ್ಕೆಂದೇ ಕ್ಲಿನಿಕ್ ತೆರೆಯಿತು. ಅದು ಮಕ್ಕಳ ಆಸ್ಪತ್ರೆ!

ನೋವು ಮರೆಯಲು ಮತ್ತೆ ಅದೇ ಪುಡಿ. ನಿದ್ದೆಯಿಲ್ಲ, ಬಸ್ಸು ಹತ್ತಲು ಅಂಜಿಕೆ, ಮಂಕು ಕವಿದ ಮನಸ್ಸು. ವಿಚಿತ್ರವೆಂದರೆ, ಕೆಟಮಿನ್‌ನದೇ ರೂಪವಾದ ಎಸ್ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕ 2019ರಲ್ಲಿ ಖಿನ್ನತೆಯ ಚಿಕಿತ್ಸೆಗಾಗಿಯೇ ಒಪ್ಪಿಗೆ ಕೊಟ್ಟಿತು. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ, ಅಳೆದು ಕೊಡುವ ಮದ್ದು.

ಬೇಗ ಬಿಟ್ಟರೆ ಮೂತ್ರಕೋಶ ಬಹುಪಾಲು ಚೇತರಿಸಿಕೊಳ್ಳಬಹುದು. ತಡವಾದರೆ ಕರುಳಿನ ತುಂಡು ಹೊಲಿದು ಹಿಗ್ಗಿಸಬೇಕು, ಇಲ್ಲವೇ ತೆಗೆದೇ ಹಾಕಬೇಕು. ಮೂತ್ರಕೋಶದ ಜೊತೆಗೆ ಚಟಕ್ಕೂ ಚಿಕಿತ್ಸೆ ಬೇಕು. ಮೂತ್ರರೋಗ ತಜ್ಞರು ಒಂದು ಕಟ್ಟಡದಲ್ಲಿ, ಮನೋವೈದ್ಯರು ಇನ್ನೊಂದರಲ್ಲಿ ಕೂತಿದ್ದರೆ ರೋಗಿ ಎರಡರ ನಡುವೆಯೇ ಕಳೆದುಹೋಗುತ್ತಾನೆ; ಇಬ್ಬರೂ ಒಂದೇ ಕೋಣೆಯಲ್ಲಿ ಸಿಗಬೇಕು.