ತೂಗಿ ನೋಡುವುದೋ, ಚೀಟಿ ಎತ್ತುವುದೋ

1962ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಏಳು ಜನರ ಒಂದು ಸಮಿತಿ ಕೂರುತ್ತಿತ್ತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ನಾಯಕ, ಒಬ್ಬ ಸರ್ಜನ್. ಹೆಸರುಗಳು ಗುಟ್ಟು. ಅವರ ಮುಂದೆ ಬರುತ್ತಿದ್ದುದು ಕಿಡ್ನಿ ಕೈಕೊಟ್ಟವರ ಕಡತಗಳು. ಎರಡು ವರ್ಷ ಮೊದಲು ಅದೇ ಊರಿನ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್, ತೋಳಿನ ರಕ್ತನಾಳಗಳಿಗೆ ಟೆಫ್ಲಾನ್ ಕೊಳವೆ ಜೋಡಿಸಿ ಅಲ್ಲಿಯೇ ಬಿಡುವ ಉಪಾಯ ಕಂಡುಹಿಡಿದಿದ್ದರು. ಅಲ್ಲಿಯವರೆಗೆ ಪ್ರತಿ ಡಯಾಲಿಸಿಸ್‌ಗೂ ಹೊಸದಾಗಿ ನಾಳ ಕೊಯ್ಯಬೇಕಿತ್ತು. ಕೆಲವು ಸಲ ಆಗುವಷ್ಟರಲ್ಲಿ ಕೊಯ್ಯಲು ನಾಳವೇ ಉಳಿಯುತ್ತಿರಲಿಲ್ಲ. ಕೊಳವೆ ಬಂದ ಮೇಲೆ ರೋಗಿ ವರ್ಷಗಟ್ಟಲೆ ಬದುಕಬಹುದಾಯಿತು. ಯಂತ್ರಗಳು ಮಾತ್ರ ಬೆರಳೆಣಿಕೆಯಷ್ಟು. ವೈದ್ಯರು ಮೊದಲು ಸೋಸುತ್ತಿದ್ದರು: ಮಕ್ಕಳಿಗೆ ಇಲ್ಲ, ವಯಸ್ಸಾದವರಿಗೆ ಇಲ್ಲ. ಉಳಿದವರಲ್ಲಿ ಯಾರು ಎಂಬುದು ಈ ಏಳು ಜನರ ಪಾಲಿಗೆ ಬಿಟ್ಟದ್ದು.

ಆ ವರ್ಷದ ನವೆಂಬರಿನಲ್ಲಿ ಶಾನಾ ಅಲೆಕ್ಸಾಂಡರ್ ಎಂಬ ಪತ್ರಕರ್ತೆ ‘ಲೈಫ್’ ಪತ್ರಿಕೆಯಲ್ಲಿ ಸಮಿತಿಯ ಮಾತುಕತೆಯನ್ನು ಬಯಲಿಗಿಟ್ಟರು. ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ವಯಸ್ಸು, ಮದುವೆ, ಮಕ್ಕಳೆಷ್ಟು, ಸಂಬಳವೆಷ್ಟು, ಓದು, ಉದ್ಯೋಗ, ಚರ್ಚಿಗೆ ಹೋಗುವವನೋ ಅಲ್ಲವೋ, ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಗಂಡ ಸತ್ತರೆ ಮೂರು ಮಕ್ಕಳ ತಾಯಿಗೆ ಮರುಮದುವೆ ಆದೀತು, ಆರು ಮಕ್ಕಳ ತಾಯಿಯನ್ನು ಯಾರು ಕೈಹಿಡಿದಾರು ಎಂಬ ಮಾತೂ ಅಲ್ಲಿ ಬಂತು. ಹೆಂಡತಿ ಮಕ್ಕಳಿಗೆಂದು ನಾಲ್ಕು ಕಾಸು ಕೂಡಿಟ್ಟವನನ್ನು ಕೈಬಿಟ್ಟರೂ ಸಂಸಾರ ನಡೆದೀತು ಎಂದು ಒಬ್ಬರು. ಹಾಗಾದರೆ ಜವಾಬ್ದಾರಿಯಿಂದ ಬಾಳಿದ್ದಕ್ಕೇ ದಂಡವೇ ಎಂದು ಇನ್ನೊಬ್ಬರು. ಇವರು ಕೆಟ್ಟವರಲ್ಲ. ಸಂಬಳವಿಲ್ಲದೆ, ರಾತ್ರಿ ನಿದ್ದೆ ಕೆಡಿಸಿಕೊಂಡು ಈ ಕೆಲಸ ಮಾಡುತ್ತಿದ್ದವರು. ಅದೇ ನನ್ನನ್ನು ಹೆಚ್ಚು ಕಾಡುವುದು.

ನೀತಿಶಾಸ್ತ್ರದ ಲೇಖನಗಳಲ್ಲಿ ಟ್ರಾಮಿನ ಸಮಸ್ಯೆ ಮೇಲಿಂದ ಮೇಲೆ ಬರುತ್ತದೆ. ಬ್ರೇಕ್ ಹಿಡಿಯದ ಬಂಡಿ ಐವರ ಮೇಲೆ ನುಗ್ಗುತ್ತಿದೆ, ಪಕ್ಕದ ಹಳಿಗೆ ತಿರುಗಿಸಿದರೆ ಒಬ್ಬ ಸಾಯುತ್ತಾನೆ. 1967ರಲ್ಲಿ ತತ್ವಜ್ಞಾನಿ ಫಿಲಿಪ್ಪಾ ಫುಟ್ ಕಟ್ಟಿದ ಈ ಪ್ರಸಂಗ ಈಗ ಕಾಲೇಜು ಹುಡುಗರ ನಗೆಚಾಟಿಕೆಯವರೆಗೆ ಬಂದು ನಿಂತಿದೆ. ನನಗೆ ಸಿಯಾಟಲ್ ಹೆಚ್ಚು ಮುಖ್ಯ. ಹಳಿಯ ಮೇಲಿನ ಐವರಿಗೆ ಮುಖವಿಲ್ಲ. ಸಿಯಾಟಲ್ಲಿನ ಕಡತಗಳಿಗೆ ಹೆಂಡತಿ ಮಕ್ಕಳಿದ್ದರು.

ಸಮಿತಿಯವರು ತಿಳಿದೋ ತಿಳಿಯದೆಯೋ ತತ್ವಜ್ಞಾನಿ ಬೆಂಥಾಮನ ಶಿಷ್ಯರಾಗಿದ್ದರು. ಯಾವ ಕೆಲಸದಿಂದ ಒಟ್ಟು ಸುಖ ಹೆಚ್ಚುತ್ತದೋ ಅದೇ ಸರಿ ಎಂದು 1789ರ ತನ್ನ ಗ್ರಂಥದಲ್ಲಿ ಆತ ವಾದಿಸಿದ್ದ. ಒಬ್ಬನನ್ನು ಉಳಿಸಿದರೆ ಆರು ಮಕ್ಕಳು ಉಳಿಯುತ್ತಾರೆ ಎಂಬ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ತೊಡಕಿರುವುದು ತಕ್ಕಡಿ ಹಿಡಿದವರ ಕಡೆ. ಅವರು ಸಮಾಜಕ್ಕೆ ಉಪಯುಕ್ತ ಎಂದುಕೊಂಡದ್ದೆಲ್ಲ ಬಹುಮಟ್ಟಿಗೆ ಅವರದೇ ಪಡಿಯಚ್ಚು: ಸಂಸಾರಸ್ಥ, ದುಡಿಯುವವ, ದೈವಭಕ್ತ. ಕಾಡಿನಲ್ಲಿ ಒಂಟಿಯಾಗಿ ಗುಡಿಸಲು ಹಾಕಿಕೊಂಡ, ತೆರಿಗೆ ಕೊಡೆನೆಂದು ಜೈಲಿಗೆ ಹೋದ ಥೋರೊಗೆ ಕಿಡ್ನಿ ಕೆಟ್ಟಿದ್ದರೆ ಸಿಯಾಟಲ್ಲಿನಲ್ಲಿ ಗತಿಯಿರಲಿಲ್ಲ ಎಂದು 1968ರಲ್ಲಿ ಒಬ್ಬ ಮನೋವೈದ್ಯ ಮತ್ತು ಒಬ್ಬ ಕಾನೂನು ಪ್ರಾಧ್ಯಾಪಕ ಸೇರಿ ಚುಚ್ಚಿದರು. ಥೋರೊನನ್ನು ಓದಿ ಮೆಚ್ಚಿದ ಗಾಂಧಿಯ ಕಡತವನ್ನು ಆ ಮೇಜಿನ ಮೇಲಿಟ್ಟು ನೋಡಿ.

ಕಾಂಟ್ ಆ ಕೋಣೆಗೆ ಕಾಲಿಡುತ್ತಲೇ ಇರಲಿಲ್ಲ. ಬೆಲೆಯಿರುವ ವಸ್ತುವಿನ ಜಾಗದಲ್ಲಿ ಇನ್ನೊಂದನ್ನು ಇಡಬಹುದು, ಮನುಷ್ಯನಿಗಿರುವುದು ಬೆಲೆಯಲ್ಲ ಘನತೆ, ಅದಕ್ಕೆ ಬದಲಿ ಇಲ್ಲ ಎಂದು 1785ರಲ್ಲೇ ಬರೆದವನು ಆತ. (ಸ್ನೇಹಿತನನ್ನು ಹುಡುಕಿಕೊಂಡು ಕೊಲೆಗಾರ ಬಾಗಿಲಿಗೆ ಬಂದರೂ ಸುಳ್ಳಾಡಬಾರದು ಎಂದು ಹಠ ಹಿಡಿದವನೂ ಆತನೇ. ದರೋಡೆಕೋರರಿಗೆ ನಿಜ ಹೇಳಿ ನರಕಕ್ಕೆ ಹೋದ ಕೌಶಿಕನ ಕಥೆಯನ್ನು ಕರ್ಣಪರ್ವದಲ್ಲಿ ಕೃಷ್ಣನ ಬಾಯಿಂದ ಕೇಳಿದ ನಮಗೆ ಈ ಹಠ ಅತಿಯೆನಿಸೀತು.) ತೂಗಬಾರದು ಎಂದಾದರೆ ಯಂತ್ರ ಯಾರಿಗೆ? 1970ರಲ್ಲಿ ನೀತಿಚಿಂತಕ ಜೇಮ್ಸ್ ಚೈಲ್ಡ್ರೆಸ್ ಕೊಟ್ಟ ಉತ್ತರ ನಮ್ಮ ಹಳ್ಳಿಯವರಿಗೂ ಗೊತ್ತಿರುವುದೇ: ಚೀಟಿ ಎತ್ತಿ, ಇಲ್ಲವೇ ಮೊದಲು ಬಂದವರಿಗೆ ಕೊಡಿ. ಇದಕ್ಕೆ ಹಳೆಯ ಆಧಾರವೂ ಇತ್ತು. 1841ರಲ್ಲಿ ‘ವಿಲಿಯಂ ಬ್ರೌನ್’ ಹಡಗು ಮುಳುಗಿದಾಗ ದೋಣಿಯ ಭಾರ ಇಳಿಸಲು ನಾವಿಕರು ಪ್ರಯಾಣಿಕರನ್ನು ಸಮುದ್ರಕ್ಕೆ ನೂಕಿದರು. ಮರುವರ್ಷ ನಾವಿಕ ಹೋಮ್ಸನ ವಿಚಾರಣೆಯಲ್ಲಿ, ಅಂಥ ಹೊತ್ತಿನಲ್ಲಿ ಚೀಟಿ ಎತ್ತಬೇಕಿತ್ತು ಎಂಬ ಮಾತು ನ್ಯಾಯಾಧೀಶರಿಂದಲೇ ಬಂತು. ಪಂಚಾಯಿತಿ ಚುನಾವಣೆಯಲ್ಲಿ ಸಮ ಮತ ಬಿದ್ದರೆ ನಾವು ಇಂದಿಗೂ ಮಾಡುವುದು ಅದನ್ನೇ, ಸೋತವನು ಗೊಣಗುತ್ತಾನೆ, ಆದರೆ ಅವಮಾನವಾಯಿತು ಎನ್ನುವುದಿಲ್ಲ. ನನ್ನ ಒಲವು ಚೀಟಿಯ ಕಡೆಗೇ. ಆದರೂ ಆರು ಮಕ್ಕಳ ತಾಯಿ ಎದುರು ನಿಂತಾಗ ಈ ಒಲವು ಅಲುಗಾಡುತ್ತದೆಂದು ಒಪ್ಪಬೇಕು.

ಸಿಯಾಟಲ್ಲಿನ ಪ್ರಶ್ನೆಯನ್ನು ಕೊನೆಗೆ ಬಗೆಹರಿಸಿದ್ದು ಬೆಂಥಾಮನೂ ಅಲ್ಲ, ಕಾಂಟನೂ ಅಲ್ಲ. 1971ರಲ್ಲಿ ಒಬ್ಬ ರೋಗಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ಯಂತ್ರಕ್ಕೆ ಜೋಡಿಸಿಕೊಂಡೇ ಸಾಕ್ಷಿ ನುಡಿದ. ಮರುವರ್ಷದ ಕಾನೂನು ಹೆಚ್ಚುಕಡಿಮೆ ಎಲ್ಲ ರೋಗಿಗಳ ಡಯಾಲಿಸಿಸ್ ಖರ್ಚನ್ನೂ ಸರ್ಕಾರದ ತಲೆಗೆ ಹಾಕಿತು. ಏಳು ಜನ ಕೂತು ತೂಗುವ ಕೆಲಸವೇ ಉಳಿಯಲಿಲ್ಲ. ಧರ್ಮಸಂಕಟಗಳ ಚರ್ಚೆಯಲ್ಲಿ ನಾವು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಎರಡು ದಾರಿಗಳಲ್ಲಿ ಯಾವುದು ಎಂದು ಜಗಳಾಡುತ್ತೇವೆ; ದಾರಿ ಎರಡೇ ಇರುವಂತೆ ಮಾಡಿದವರು ಯಾರು ಎಂದು ಕೇಳುವುದಿಲ್ಲ. ಟ್ರಾಮಿನ ಬ್ರೇಕ್ ನೋಡಿಕೊಳ್ಳಬೇಕಾದ ಮೆಕ್ಯಾನಿಕ್ ಆ ಪ್ರಸಂಗದಲ್ಲಿ ಎಲ್ಲೂ ಬರುವುದಿಲ್ಲ, ಗಮನಿಸಿದ್ದೀರಾ? ಹಾಗೆಂದು 1962ರ ಆ ಸಂಜೆ ಕಡತ ಹಿಡಿದು ಕೂತವರಿಗೆ ಹತ್ತು ವರ್ಷ ಕಾಯಿರಿ ಎನ್ನಲೂ ಆಗುತ್ತಿರಲಿಲ್ಲ.

ನಮ್ಮಲ್ಲಿ 2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಿದೆ, ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಸಿಯಾಟಲ್ಲಿನ ಸಮಿತಿಯಂತೆ ದೇವರ ಸಮಿತಿ ಎಂದು ಅಡ್ಡಹೆಸರು ಪಡೆಯುವಂಥದ್ದು ಯಾವುದೂ ಇಲ್ಲಿ ಕೂರುವುದಿಲ್ಲ. ಆದರೆ ವಾರಕ್ಕೆ ಮೂರು ಸಲ ಆಗಬೇಕಾದದ್ದನ್ನು ಎರಡೇ ಸಲ ಮಾಡಿಸಿಕೊಳ್ಳುವವರು ನಮ್ಮ ದೇಶದಲ್ಲಿ ಬಹಳ. ಕೈಯಲ್ಲಿ ದುಡ್ಡಿಲ್ಲ, ಪಾಳಿ ಸಿಗುವುದಿಲ್ಲ, ಬಸ್ಸಿಗೆ ಅರ್ಧ ದಿನ, ಜೊತೆಗೆ ಬರುವ ಮಗನಿಗೆ ಅಂದಿನ ಕೂಲಿ ಖೋತಾ. ಇಬ್ಬರಿಗೆ ಪೂರ್ತಿ ಕೊಡುವ ಬದಲು ಮೂವರಿಗೆ ಅರೆಬರೆ ಕೊಡುವುದು ಸರಿಯೇ? ಬೆಂಥಾಮನ ಬಳಿ ಇದಕ್ಕೊಂದು ವಾದ ಸಿಕ್ಕೀತು, ಕಾಂಟನ ಬಳಿ ಇನ್ನೊಂದು. ನಮ್ಮಲ್ಲಿ ಇದನ್ನು ಯಾರೂ ವಾದಿಸಿ ತೀರ್ಮಾನಿಸಿಲ್ಲ. ಪಾಳಿಯ ಪಟ್ಟಿ ಹಾಗೆ ಬರೆದುಕೊಂಡು ಬಂದಿದೆ, ಅದರ ಕೆಳಗೆ ಯಾರ ಸಹಿಯೂ ಇಲ್ಲ.