ಹೆಸರಿಲ್ಲದ ಬರಹ

ಜಾಹೀರಾತೂ ಬರವಣಿಗೆಯೇ ಎಂದರೆ ಸಾಹಿತ್ಯಾಭ್ಯಾಸಿಗಳು ನಕ್ಕಾರು. ಜಾವಳಿಯ ಮನೆಯಲ್ಲಿ ಕುಳಿತು, ವರ್ತಕರಿಗಾಗಿ ಅದನ್ನೇ ಬರೆದು ಬದುಕುವ ನಾನು ನಗಲಾರೆ. ನನಗೆ ತಿಂಗಳ ಸಂಬಳವಿಲ್ಲ. ಬರೆದುದರ ಕೆಳಗೆ ಹೆಸರೂ ಇಲ್ಲ.

ಕಳೆದ ಮಳೆಗಾಲದಲ್ಲಿ ವರ್ತಕರೊಬ್ಬರು ಕಾಫಿಪುಡಿಯ ಪೊಟ್ಟಣಕ್ಕೆ ನಾಲ್ಕು ಸಾಲು ಕೇಳಿದರು. ಪುಡಿಯಲ್ಲಿ ನೂರಕ್ಕೆ 40 ಪಾಲು ಚಿಕೋರಿ. ಕಾಫಿ 51 ಪಾಲಿಗೆ ಕಡಿಮೆಯಿರಬಾರದು, ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ತಿಳಿಸಬೇಕು ಎಂಬುದು ನಿಯಮ. “ಅದು ಸಣ್ಣಕ್ಷರದಲ್ಲಿರಲಿ, ನೀವು ದೊಡ್ಡದಾಗಿ ‘ಅಪ್ಪಟ ಚಿಕ್ಕಮಗಳೂರು ಕಾಫಿ’ ಎಂದು ಬರೆಯಿರಿ” ಎಂದರು. ಚಿಕ್ಕಮಗಳೂರಿನ ಅರೇಬಿಕಾ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬೆಳೆ. ಆ ಹೆಸರನ್ನು ಗಳಿಸಿಕೊಟ್ಟವರು ಮರದ ನೆರಳಿನಲ್ಲಿ ಹಣ್ಣು ಕೊಯ್ದು ಕಣದಲ್ಲಿ ಒಣಗಿಸುವವರು. ಅದನ್ನು ಬೆರಕೆಗೆ ಮಾರಲು ನಾನು ಯಾರು? “ಕಾಫಿ 60, ಚಿಕೋರಿ 40, ಗಟ್ಟಿ ಡಿಕಾಕ್ಷನ್, ಮಿತವಾದ ಬೆಲೆ” ಎಂದು ಬರೆದುಕೊಟ್ಟೆ. ಕೆಲಸ ಬೇರೆಯವರ ಪಾಲಾಯಿತು. ಆ ತಿಂಗಳು ಅಂಗಡಿಯ ಸಾಲ ತೀರಲಿಲ್ಲ.

ಕವಿತೆಯನ್ನು ಓದದ ಮನೆಯಲ್ಲಿಯೂ ಪೊಟ್ಟಣವನ್ನು ಓದುತ್ತಾರೆ. ಹೇಮಾವತಿ ಹುಟ್ಟುವುದು ಇದೇ ಜಾವಳಿಯಲ್ಲಿ. ಮೂಲದಲ್ಲಿ ಕದಡಿದ ನೀರು ಕೆಳಗಿನವರ ಕೊಡಕ್ಕೆ ಸೇರುತ್ತದೆಂಬುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಹೆಸರಿಲ್ಲದ ಬರಹಕ್ಕೂ ಹೊಣೆಯುಂಟು. ಅಧ್ಯಾಪಕರು ಪದ್ಯದ ಜೊತೆಗೆ ಒಂದು ಪೊಟ್ಟಣವನ್ನೂ ತರಗತಿಯಲ್ಲಿ ಓದಿಸಲಿ; ಆ ಮಕ್ಕಳಲ್ಲಿ ಒಬ್ಬರು ನಾಳೆ ನನ್ನ ಕಸುಬಿಗೆ ಬಂದಾರು.