ಆ ರೈಲುಗಳನ್ನು ಕೊಂದವರು ಯಾರು ಸ್ವಾಮಿ?

ಅಮೆರಿಕದ ಹಳೇ ಸ್ಟ್ರೀಮ್‌ಲೈನರ್ ರೈಲುಗಳ ಫೋಟೋಗಳು ವರ್ಷಕ್ಕೊಂದೆರಡು ಸಲವಾದರೂ ಯಾರಿಂದಲಾದರೂ ಫಾರ್ವರ್ಡ್ ಆಗಿ ಬರುತ್ತವೆ. ಫಳಫಳ ಹೊಳೆಯೋ ಸ್ಟೀಲ್ ಮೈ, ಬಿಳೀ ಬಟ್ಟೆ ಹಾಸಿದ ಊಟದ ಮೇಜು, ಕೈಯಲ್ಲಿ ಗ್ಲಾಸು ಹಿಡಿದು ನಗ್ತಾ ಕೂತ ಸೂಟುಬೂಟಿನವರು. ಫೋಟೋಗಳು ಚೆಂದವೇ. ನನ್ನ ತಕರಾರಿರೋದು ಜೊತೆಗೆ ಬರೋ ಒಂದು ಸಾಲಿನ ಬಗ್ಗೆ: ಖಾಸಗಿಯವರು ಕಟ್ಟಿದ್ದು, ಸರ್ಕಾರ ಹಾಳು ಮಾಡಿದ್ದು. ನಮ್ಮ ಐಟಿ ಮಂದಿಗಂತೂ ಇದು ಬಾಯಿಪಾಠವಾದ ಮಗ್ಗಿ. ರೈಲಿನ ಮಾತು ಬಂದರೆ ಸಾಕು, ಅಲ್ಲಿನ ಸರ್ಕಾರಿ ಆಮ್‌ಟ್ರ್ಯಾಕ್‌ಗೆ ನಾಲ್ಕು ಬೈದು ಕೈ ತೊಳ್ಕೊಳ್ತಾರೆ.

ಸುಳ್ಳು ಕಣ್ರೀ. ತಾರೀಖು ನೋಡಿದರೂ ಗೊತ್ತಾಗುತ್ತೆ. ಆಮ್‌ಟ್ರ್ಯಾಕ್ ಶುರುವಾಗಿದ್ದು 1971ರ ಮೇ 1ಕ್ಕೆ. ನ್ಯೂಯಾರ್ಕ್-ಶಿಕಾಗೋ ನಡುವೆ 16 ಗಂಟೆಯಲ್ಲಿ ಓಡ್ತಿದ್ದ, ಹತ್ತುವವರಿಗೆ ಕೆಂಪು ಕಾರ್ಪೆಟ್ ಹಾಸುತ್ತಿದ್ದ 'ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್' ನಿಂತಿದ್ದು 1967ರ ಡಿಸೆಂಬರಿನಲ್ಲಿ. ಗಾಜಿನ ಮಾಡಿನ 'ಕ್ಯಾಲಿಫೋರ್ನಿಯಾ ಝೆಫಿರ್' ನಿಂತಿದ್ದು 1970ರ ಮಾರ್ಚಿನಲ್ಲಿ. ಹುಟ್ಟೋಕೆ ಮುಂಚೆಯೇ ಕೊಲೆ ಮಾಡೋದು ಹೇಗೆ ಅಂತ ಯಾರಾದ್ರೂ ತಿಳಿದವರು ಹೇಳಿ.

ಶುರುವಿನಿಂದ ಹೇಳ್ತೀನಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ರೈಲುಗಳು ಖಾಲಿ ಹೊಡೀತಿದ್ದವು, ಜನ ಆಗಲೇ ಕಾರು ಹತ್ತಿದ್ದರು. ಆಗ 1934ರ ಫೆಬ್ರವರಿಯಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿ ಅಲ್ಯೂಮಿನಿಯಮ್ಮಿನ ಎಂ-10000 ತಂತು. ಸ್ವಲ್ಪ ದಿನಕ್ಕೇ ಬರ್ಲಿಂಗ್ಟನ್ ಕಂಪನಿಯ ಸ್ಟೇನ್‌ಲೆಸ್ ಸ್ಟೀಲಿನ ಝೆಫಿರ್ ಬಂತು. ಅದೇ ವರ್ಷ ಮೇ 26ಕ್ಕೆ ಈ ಝೆಫಿರ್ ಬೆಳಗ್ಗೆ ಡೆನ್ವರ್ ಬಿಟ್ಟು ಎಲ್ಲೂ ನಿಲ್ಲದೆ ಸಂಜೆ ಶಿಕಾಗೋ ಮುಟ್ಟಿತು. 1,015 ಮೈಲಿ, 13 ಗಂಟೆ 5 ನಿಮಿಷ! ಅಂದ್ರೆ ಸರಾಸರಿ ಗಂಟೆಗೆ 125 ಕಿಲೋಮೀಟರ್. ಒಳಗೊಂದು ಪುಟ್ಟ ಕತ್ತೆ ಕೂಡ ಪ್ರಯಾಣ ಮಾಡ್ತು, ಅದಕ್ಕೆ ಝೆಫ್ ಅಂತ ಹೆಸರು :) ಡೀಸೆಲ್ ಎಂಜಿನ್ ಕೊಟ್ಟಿದ್ದು ಜನರಲ್ ಮೋಟಾರ್ಸ್‌ಗೆ ಸೇರಿದ ವಿಂಟನ್ ಕಂಪನಿ. ಹೌದು, ಅದೇ ಕಾರಿನ ಜನರಲ್ ಮೋಟಾರ್ಸ್. 'ಕಾರಿನವರೇ ರೈಲು ಮುಗಿಸಿದರು' ಅನ್ನೋರೂ ಸ್ವಲ್ಪ ತಡೀರಿ.

ಆ ಕೆಲಸಕ್ಕೆ ಇಂಜಿನಿಯರಾಗಿ ನನ್ನದೊಂದು ಸಲಾಂ. ಆದರೆ ಆ ದಿನ ಅಷ್ಟು ಜೋರಾಗಿ ಓಡೋಕೆ ದಾರಿಯ ಲೆವೆಲ್ ಕ್ರಾಸಿಂಗುಗಳಿಗೆಲ್ಲ ಕಾವಲು ನಿಲ್ಲಿಸಿದ್ದರು, ಬೇರೆ ರೈಲುಗಳನ್ನು ಪಕ್ಕಕ್ಕೆ ಸರಿಸಿದ್ದರು. ಅದು ಡೆಮೋ. ಡೆಮೋ ಅಂದ್ರೇನು ಅಂತ ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಡೆಮೋ ಆದ ಮೇಲೆ ಹಳಿಗೆ, ಸಿಗ್ನಲ್ಲಿಗೆ ದುಡ್ಡು ಹಾಕಬೇಕಿತ್ತಲ್ಲ?

1946ರ ಏಪ್ರಿಲ್ 25ರಂದು ಇಲಿನಾಯ್‌ನ ನೇಪರ್‌ವಿಲ್‌ನಲ್ಲಿ ಇದೇ ಬರ್ಲಿಂಗ್ಟನ್ನಿನ ಒಂದು ರೈಲು ನಿಂತಿತ್ತು. ಹಿಂದಿನಿಂದ ಅದೇ ಕಂಪನಿಯ ಇನ್ನೊಂದು ರೈಲು ಬಂದು ಗುದ್ದಿತು. 45 ಜನ ಸತ್ತರು. ಮರುವರ್ಷ ಸರ್ಕಾರ ಆದೇಶ ಹೊರಡಿಸಿತು: ಗಂಟೆಗೆ 80 ಮೈಲಿ ಅಥವಾ ಹೆಚ್ಚು ಓಡಿಸೋದಾದರೆ ಚಾಲಕನ ಕ್ಯಾಬಿನ್ನಿನಲ್ಲೇ ಸಿಗ್ನಲ್ ಕಾಣಬೇಕು, ಇಲ್ಲಾ ರೈಲು ತಾನೇ ನಿಲ್ಲೋ ವ್ಯವಸ್ಥೆ ಇರಬೇಕು. ನೋಡಿ, ನಿಧಾನ ಹೋಗಿ ಅಂತ ಆದೇಶ ಹೇಳಲಿಲ್ಲ, ಸುರಕ್ಷಿತವಾಗಿ ಹೋಗಿ ಅಂತಷ್ಟೇ ಹೇಳಿತು. ಸಾಂಟಾ ಫೆಯಂಥ ಕೆಲವರು ದುಡ್ಡು ಹಾಕಿ ವೇಗ ಉಳಿಸಿಕೊಂಡರು. ಬಹಳಷ್ಟು ಮಾರ್ಗಗಳಲ್ಲಿ 79ಕ್ಕೆ ಇಳಿಸಿ ಸುಮ್ಮನಾದರು. ಗಾಜಿನ ಡೋಮಿಗೆ ದುಡ್ಡಿತ್ತು!

ಇನ್ನು ಆ ಐಷಾರಾಮ. ಹಾಸಿಗೆ ಹಾಸೋದು, ಬೂಟು ಪಾಲಿಶ್ ಮಾಡೋದು, ರಾತ್ರಿಯೆಲ್ಲ ಎದ್ದಿರೋದು ಯಾರು? ಪುಲ್‌ಮನ್ ಕಂಪನಿಯ ಕರಿಯ ಪೋರ್ಟರುಗಳು. ಅವರ ಹೆಸರು ಕೇಳೋ ವ್ಯವಧಾನವೂ ಸಾಹೇಬರಿಗಿರಲಿಲ್ಲ, ಕಂಪನಿ ಯಜಮಾನನ ಹೆಸರಿನಿಂದ ಎಲ್ಲರನ್ನೂ 'ಜಾರ್ಜ್' ಅಂತಲೇ ಕರೀತಿದ್ದರು. ಎ. ಫಿಲಿಪ್ ರಾಂಡಾಲ್ಫ್ 1925ರಲ್ಲಿ ಅವರ ಸಂಘ ಕಟ್ಟಿದರು, ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ. ಹನ್ನೆರಡು ವರ್ಷ! 'ಸೂಪರ್ ಚೀಫ್' ಸ್ಟೀಲಿನ ಹೊಸ ಮೈ ಹೊತ್ತು ಹೊರಟಿದ್ದೂ ಅದೇ 1937ರಲ್ಲಿ. ಫಾರ್ವರ್ಡ್ ಮೇಲಿನಲ್ಲಿ ಇವರ ಹೆಸರು ಬಂದಿದ್ದನ್ನು ನಾನಂತೂ ನೋಡಿಲ್ಲ.

ಖಾಸಗಿ, ಖಾಸಗಿ ಅಂತೀರಲ್ಲ, ಯೂನಿಯನ್ ಪೆಸಿಫಿಕ್ಕಿಗೂ ಸಾಂಟಾ ಫೆಗೂ ಹತ್ತೊಂಬತ್ತನೇ ಶತಮಾನದಲ್ಲಿ ಲಕ್ಷಗಟ್ಟಲೆ ಎಕರೆ ಜಮೀನು ಕೊಟ್ಟಿದ್ದು ಸರ್ಕಾರವೇ. ಎಷ್ಟೋ ಪ್ರಯಾಣಿಕ ರೈಲುಗಳಿಗೆ ಉಸಿರು ಕೊಡ್ತಿದ್ದದ್ದು ಟಿಕೆಟ್ ಅಲ್ಲ, ಅಂಚೆ ಇಲಾಖೆಯ ಗುತ್ತಿಗೆ. ರೈಲಿನಲ್ಲೇ ಒಂದು ಡಬ್ಬಿ, ಅದರೊಳಗೆ ಓಡ್ತಾ ಓಡ್ತಾನೇ ಕಾಗದ ವಿಂಗಡಿಸೋ ಗುಮಾಸ್ತರು. 1967ರಲ್ಲಿ ಇಲಾಖೆ ಆ ಕೆಲಸವನ್ನು ಲಾರಿಗೂ ವಿಮಾನಕ್ಕೂ ಕೊಟ್ಟಿತು. ಅದರ ಬೆನ್ನಿಗೇ ಸಾಂಟಾ ಫೆಯಂಥ ಮರ್ಯಾದಸ್ಥರೂ ಸಾಲುಸಾಲು ರೈಲು ನಿಲ್ಲಿಸೋಕೆ ಅರ್ಜಿ ಹಾಕಿದರು. ಸದರ್ನ್ ಪೆಸಿಫಿಕ್ಕಿನವರು ಅದಕ್ಕೂ ಮುಂಚೆಯೇ ಕೆಲವು ರೈಲುಗಳ ಊಟದ ಡಬ್ಬಿ ಕಿತ್ತು, ನಾಣ್ಯ ಹಾಕಿದರೆ ತಿಂಡಿ ಉದುರಿಸೋ ಮೆಷೀನು ಇಟ್ಟಿದ್ದರು. ಜನ ಬೇಸತ್ತು ಬಿಟ್ಟು ಹೋಗಲಿ ಅನ್ನೋದೇ ಅವರ ಲೆಕ್ಕ ಅಂತ ನನ್ನ ಅನುಮಾನ.

ನಷ್ಟದಲ್ಲಿ ಯಾರು ರೈಲು ಓಡಿಸ್ತಾರೆ ಅಂತೀರಾ? ನ್ಯಾಯವಾದ ಪ್ರಶ್ನೆ. 1957ರಲ್ಲೇ ಅಲ್ಲಿನ ಪ್ರಯಾಣಿಕ ರೈಲುಗಳ ಲೆಕ್ಕದಲ್ಲಿ ನಷ್ಟ 70 ಕೋಟಿ ಡಾಲರ್ ದಾಟಿತ್ತು. ಸರ್ಕಾರದ್ದು ತಪ್ಪಿಲ್ಲ ಅಂತಲೂ ನಾನು ಹೇಳ್ತಿಲ್ಲ. 1956ರ ಕಾಯ್ದೆಯಲ್ಲಿ ಹೆದ್ದಾರಿ ಖರ್ಚಿನ ಶೇಕಡಾ 90ರಷ್ಟನ್ನು ಕೇಂದ್ರ ತಾನೇ ಹೊತ್ತುಕೊಂಡಿತು, ರೈಲಿನವರು ಮಾತ್ರ ತಮ್ಮ ಹಳಿ ತಾವೇ ನೋಡಿಕೊಂಡು ಅದಕ್ಕೆ ತೆರಿಗೆಯನ್ನೂ ಕಟ್ಟಬೇಕಿತ್ತು. ಸರ್ಕಾರ ರೈಲು ಮುಟ್ಟಿದ್ದು ತಪ್ಪಲ್ಲ, ಅಷ್ಟು ವರ್ಷ ಮುಟ್ಟದೇ ಇದ್ದದ್ದು ತಪ್ಪು.

ಕೊನೆಗೆ ಆಮ್‌ಟ್ರ್ಯಾಕ್ ಕೈಗೆ ಬಂದಿದ್ದು ಅದೇ ಕಂಪನಿಗಳು ಬಳಸಿ ಬಿಟ್ಟ ಹಳೇ ಡಬ್ಬಿಗಳು. ಹೆಚ್ಚಿನ ಕಡೆ ಹಳಿಯೂ ಅವರದ್ದೇ. ಪ್ರಯಾಣಿಕ ರೈಲಿಗೆ ಮೊದಲು ದಾರಿ ಬಿಡಬೇಕು ಅಂತ 1973ರಿಂದ ಕಾನೂನಿದೆ, ಆದರೂ ಉದ್ದುದ್ದ ಗೂಡ್ಸ್ ರೈಲುಗಳ ಹಿಂದೆ ಕಾಯೋದು ತಪ್ಪಿಲ್ಲ. 1937ರ ಸೂಪರ್ ಚೀಫ್ ಶಿಕಾಗೋದಿಂದ ಲಾಸ್ ಏಂಜಲೀಸ್‌ಗೆ 39 ಗಂಟೆ 45 ನಿಮಿಷದಲ್ಲಿ ಹೋಗ್ತಿತ್ತು. ಇವತ್ತು ಅದೇ ಎರಡು ಊರುಗಳ ನಡುವೆ ಓಡೋ 'ಸೌತ್‌ವೆಸ್ಟ್ ಚೀಫ್'ಗೆ ವೇಳಾಪಟ್ಟಿ ಪ್ರಕಾರವೇ ಸುಮಾರು 43 ಗಂಟೆ ಬೇಕು.

ಒಪ್ಪದವರು ಕೆಳಗೆ ಜಗಳಕ್ಕೆ ಬನ್ನಿ, ಬೇಜಾರಿಲ್ಲ. ಬರುವಾಗ ತಾರೀಖು ತನ್ನಿ, ಫೋಟೋ ಬೇಡ :)